ಪ್ರಕೃತಿ ಮುನಿದಿಲ್ಲ

ಗಡಿನಾಡಿನ ಕವಿಗೋಷ್ಠಿಗಳಲ್ಲಿ ಕುಳಿತು ಕೇಳುವ ಅಭ್ಯಾಸವುಳ್ಳವರಿಗೆ ಒಂದು ಮಾತು ಬಾಯಿಪಾಠವಾಗಿ ಹೋಗಿರುತ್ತದೆ: ಪ್ರಕೃತಿ ಮುನಿದಿದ್ದಾಳೆ. ಮಳೆ ಬಾರದಿದ್ದರೆ ಮುನಿದಿದ್ದಾಳೆ; ಬಂದು ಸೋಯಾಬೀನಿನ ರಾಶಿಯನ್ನು ತೋಯಿಸಿದರೂ ಮುನಿದಿದ್ದಾಳೆ; ಆಲಿಕಲ್ಲು ಬಿದ್ದು ದ್ರಾಕ್ಷಿಯ ಹಂದರ ಮುರಿದರೂ ಅವಳದೇ ಮುನಿಸು. ಸಭೆ ತಲೆದೂಗುತ್ತದೆ, ಕವಿ ಕೈಮುಗಿದು ಇಳಿಯುತ್ತಾನೆ, ಮುಂದಿನ ಕವಿ ಅದೇ ಮುನಿಸನ್ನು ಬೇರೊಂದು ಪ್ರಾಸದಲ್ಲಿ ಕಟ್ಟಿ ತರುತ್ತಾನೆ. ಸ್ಮರಣ ಸಂಚಿಕೆಗೆ ಗಡಿಯ ಕುರಿತು ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ಸಲ ಗಡಿಯನ್ನು ಬಿಟ್ಟು ಈ ಮುನಿಸಿನ ಮೇಲೆಯೇ ಜಗಳ ತೆಗೆಯೋಣ ಎನಿಸಿತು. ಮಾತು ಸುಳ್ಳು ಎಂಬುದಷ್ಟೇ ನನ್ನ ತಕರಾರಲ್ಲ. ಈ ಸುಳ್ಳಿನಿಂದ ಯಾರಿಗೋ ಲಾಭವಾಗುತ್ತಿದೆ ಎಂಬುದು ನನ್ನ ಮುಖ್ಯ ತಕರಾರು.

ಗುಂಜೋಟಿಯ ಸೀಮೆಯವರಿಗೆ ಇದನ್ನು ತಿಳಿಸಲು ದೂರದ ದೃಷ್ಟಾಂತ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ ಜನರ ಮೇಲೆ ಕಿಲ್ಲಾರಿಯಲ್ಲಿ, ಸಾಸ್ತೂರಿನಲ್ಲಿ, ನಮ್ಮ ಉಮರ್ಗಾ ಮತ್ತು ಔಸಾ ತಾಲೂಕುಗಳ ಐವತ್ತಕ್ಕೂ ಮಿಕ್ಕ ಹಳ್ಳಿಗಳಲ್ಲಿ ಮನೆಗಳು ಕುಸಿದವು. ಸುಮಾರು ಹತ್ತು ಸಾವಿರ ಜನ ಮಣ್ಣಾದರು. ಆ ಭೂಕಂಪಕ್ಕೂ ನಾನು ಹೇಳಹೊರಟ ಇಂಗಾಲಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಂದೂ ದೇವರ ಕೋಪ, ಭೂತಾಯಿಯ ಮುನಿಸು ಎಂಬ ಮಾತುಗಳು ಊರೂರು ತಿರುಗಿದವು. ಅದೇ ಹೊತ್ತಿಗೆ ಬಂದ ಇಂಜಿನಿಯರುಗಳು ಬಿದ್ದ ಗೋಡೆಗಳ ಮುಂದೆ ನಿಂತು ಬೇರೆ ಮಾತು ಹೇಳಿದರು. ನೆಲ ನಡುಗಿದ್ದು ಹೌದು, ಕೊಂದದ್ದು ಮಾತ್ರ ಕೆಸರಿನಲ್ಲಿ ಗುಂಡುಕಲ್ಲು ಪೇರಿಸಿ ಎಬ್ಬಿಸಿದ ಆ ದಪ್ಪ ಗೋಡೆ ಮತ್ತು ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಗೋಡೆಯ ಹೆಸರು ಹಿಡಿದು ಹೇಳಿದ ಮೇಲೆಯೇ ಗೋಡೆ ಕಟ್ಟುವ ರೀತಿ ಬದಲಾಯಿತು. ಮುನಿಸೆಂದೇ ಕೈಮುಗಿದು ಕುಳಿತಿದ್ದರೆ ಅದೇ ಕಲ್ಲನ್ನು ಅದೇ ಕೆಸರಿನಲ್ಲಿಟ್ಟು ಇನ್ನೊಂದು ನಸುಕಿಗಾಗಿ ಕಾಯುತ್ತಿದ್ದೆವು.

ಹವೆಯ ವಿಷಯದಲ್ಲಿ ನಾವು ಇನ್ನೂ ಕೈಮುಗಿಯುವ ಹಂತದಲ್ಲಿಯೇ ಇದ್ದೇವೆ. ಇಲ್ಲಿಯೂ ಗೋಡೆಗೆ ಹೆಸರಿದೆ. ಇಂಗಾಲ ಎಂಬ ನಮ್ಮ ಶಬ್ದ ಹಳಗನ್ನಡದ ಇಂಗಳದ, ಅಂದರೆ ಕೆಂಡದ, ಬಳಿಯದು. ಬೆಂಕಿಯ ನೆನಪನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ ಶಬ್ದವನ್ನೇ ನಮ್ಮ ಪಠ್ಯಪುಸ್ತಕಗಳು ಹಾಳೆಯ ಮೇಲೆ ಬಾಣದ ಗುರುತು ಬರೆದು ತಣ್ಣಗೆ ಮಾಡಿಬಿಟ್ಟಿವೆ. ಇಂಗಾಲದ ಚಕ್ರವೆಂದರೆ ವ್ಯಾಪಾರಿಯ ಕಿರ್ದಿಯಂತೆ ಒಂದು ಜಮಾ-ಖರ್ಚು. ಭೂಮಿಯ ಮೇಲಿನ ಗಿಡಮರ ಬೆಳೆಗಳು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ಎಳೆದುಕೊಳ್ಳುತ್ತವೆ. ಉಸಿರಾಟದಿಂದ, ಕೊಳೆಯುವಿಕೆಯಿಂದ ಹೆಚ್ಚುಕಡಿಮೆ ಅಷ್ಟೇ ಮರಳಿ ಗಾಳಿಗೆ ಸೇರುತ್ತದೆ. ಸಮುದ್ರವೂ ವರ್ಷಕ್ಕೆ ಎಂಟು-ಒಂಬತ್ತು ಸಾವಿರ ಕೋಟಿ ಟನ್ ಕೊಟ್ಟು ಅಷ್ಟೇ ಪಡೆಯುತ್ತದೆ. ಕೈಗಾರಿಕೆಯ ಯುಗಕ್ಕೆ ಮೊದಲಿನ ಸಾವಿರಾರು ವರ್ಷ ಈ ಕಿರ್ದಿ ಸರಿತೂಗುತ್ತಿತ್ತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಾಲಿನ ಆಸುಪಾಸಿನಲ್ಲಿಯೇ ಇತ್ತು.

ಈ ಕೊಡುಕೊಳೆಯ ಹೊರಗೆ ಭೂಮಿ ಒಂದು ಹಗೇವನ್ನು ತುಂಬಿಟ್ಟಿತ್ತು. ಹಗೇವು ಎಂದರೇನೆಂದು ಜೋಳದ ಸೀಮೆಯ ಹಿರಿಯರಿಗೆ ವಿವರಿಸಬೇಕಿಲ್ಲ. ಸುಗ್ಗಿಯ ಕಾಳನ್ನು ನೆಲದೊಳಗೆ ಹುಗಿದು, ಬಾಯಿ ಮುಚ್ಚಿ, ಬರಗಾಲಕ್ಕೆಂದು ಇಡುತ್ತಿದ್ದುದು. ಕಲ್ಲಿದ್ದಲು, ಕಚ್ಚಾ ತೈಲ, ನೈಸರ್ಗಿಕ ಅನಿಲ, ಇವು ಕೋಟ್ಯಂತರ ವರ್ಷಗಳ ಸುಗ್ಗಿಯ ಹಗೇವು. ಅದರ ಬಾಯಿ ತೆರೆದದ್ದು ಸುಮಾರು ಎರಡೂವರೆ ಶತಮಾನದ ಹಿಂದೆ. ಇಂದು ವರ್ಷಕ್ಕೆ 1,000 ಕೋಟಿ ಟನ್ ಇಂಗಾಲ ಆ ಹಗೇವಿನಿಂದ ಹೊರಬಂದು ಉರಿಯುತ್ತದೆ; ಡೈಆಕ್ಸೈಡಿನ ತೂಕದಲ್ಲಿ ಹೇಳುವುದಾದರೆ 3,700 ಕೋಟಿ ಟನ್. ಇಪ್ಪತ್ತು ಸಾವಿರ ಕೋಟಿಯ ವ್ಯವಹಾರದಲ್ಲಿ ಒಂದು ಸಾವಿರ ಕೋಟಿ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಅಂಗಡಿಯಿಟ್ಟವರನ್ನು ಕೇಳಿ ನೋಡಿ. ಆ ಇಪ್ಪತ್ತು ಸಾವಿರ ಬಂದಷ್ಟೇ ಹೋಗುತ್ತದೆ. ಈ ಸಾವಿರಕ್ಕೆ ಖರ್ಚಿನ ಪುಟದಲ್ಲಿ ಸಾಲೇ ಇಲ್ಲ. ಕಾಡು ಮತ್ತು ಕಡಲು ಸೇರಿ ಅದರ ಅರ್ಧದಷ್ಟನ್ನು ಹೇಗೋ ನುಂಗಿಕೊಳ್ಳುತ್ತಿವೆ, ಉಳಿದರ್ಧ ವರ್ಷ ವರ್ಷವೂ ಗಾಳಿಯಲ್ಲಿ ನಿಲ್ಲುತ್ತದೆ.

ನಿಂತದ್ದನ್ನು ಅಳೆದವರಿದ್ದಾರೆ. ಚಾರ್ಲ್ಸ್ ಕೀಲಿಂಗ್ ಎಂಬಾತ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಶುರುಮಾಡಿದ; ಅದು ಇಂದಿಗೂ ನಡೆದಿದೆ. ನಮ್ಮ ಊರುಗಳು ಕುಳಿತಲ್ಲಿಂದ ಕದಲದೆಯೇ ನಿಜಾಮನ ಹೈದರಾಬಾದನ್ನು, 1956ರ ನಂತರ ದ್ವಿಭಾಷಾ ಮುಂಬಯಿಯನ್ನು, 1960ರಲ್ಲಿ ಮಹಾರಾಷ್ಟ್ರವನ್ನು ಕಂಡವು. ಆ 1960ರಲ್ಲಿ ಮೌನಾ ಲೋವಾದ ಅಂಕಿ 317. ಕಿಲ್ಲಾರಿಯ ವರ್ಷದಲ್ಲಿ 357. ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ 2016ರಲ್ಲಿ 404. ಈಗ 420ನ್ನೂ ದಾಟಿದೆ. ಗಡಿ ಎಲ್ಲಿ ಹಾಯಬೇಕೆಂದು ನಾವು ಆಯೋಗಗಳ ಮುಂದೆ ವಾದಿಸುತ್ತಿದ್ದ ಅಷ್ಟೂ ಕಾಲ ತಲೆಯ ಮೇಲಿನ ಗಾಳಿ ನಮ್ಮ ಅರ್ಜಿಗೆ ಕಾಯದೆ ಬೇರೆಯದೇ ಆಗುತ್ತ ನಡೆದಿತ್ತು.

ಹತ್ತು ಲಕ್ಷದಲ್ಲಿ ನಾಲ್ಕುನೂರು ಚಿಲ್ಲರೆ ಪಾಲಿನಿಂದ ಏನಾದೀತು? ಒಣಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿರುವ ಸಾರಜನಕಕ್ಕೂ ಆಮ್ಲಜನಕಕ್ಕೂ ನೆಲದಿಂದೇಳುವ ಕಾವನ್ನು ತಡೆಹಿಡಿಯುವ ಗುಣವಿಲ್ಲ. ಆ ಕೆಲಸವೆಲ್ಲ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಮೊದಲಾದ ಅಲ್ಪಸಂಖ್ಯಾತರದು. ಇವಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇದನ್ನು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ಹುಯಿಲೆಂದು ಬಗೆಯಬೇಡಿ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ನಳಿಗೆಗಳನ್ನು ಬಿಸಿಲಿಗಿಟ್ಟು ಈ ಅನಿಲ ಹೆಚ್ಚು ಕಾಯುವುದನ್ನು ಕಂಡಳು. 1859ರಿಂದ ಜಾನ್ ಟಿಂಡಲ್ ಪ್ರಯೋಗಶಾಲೆಯಲ್ಲಿ ಕಾವಿನ ತಡೆಯನ್ನೇ ಅಳೆದ. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಗಾಳಿಯ ಇಂಗಾಲ ಇಮ್ಮಡಿಯಾದರೆ ಎಷ್ಟು ಬಿಸಿಯಾದೀತೆಂದು ಕೈಲೆಕ್ಕದಿಂದ ಹೇಳಿದ. ಇದಕ್ಕೆ ನಾವು ‘ಹಸಿರುಮನೆ ಪರಿಣಾಮ’ ಎಂದು ಹೆಸರಿಟ್ಟೆವು. ಹಸಿರು ಎಂದೊಡನೆ ಮನಸ್ಸು ತಂಪಾಗುವ ಬರದ ನಾಡಿನಲ್ಲಿ ಇದಕ್ಕಿಂತ ಕೆಟ್ಟ ಅನುವಾದ ಇನ್ನೊಂದಿರಲಾರದು! ಕೌದಿ ಎಂದಿದ್ದರೆ ನಮ್ಮ ಅಜ್ಜಿಯರಿಗೂ ತಿಳಿಯುತ್ತಿತ್ತು. ಚಳಿಗೆ ಒಂದು ಕೌದಿ ಬೇಕು. ಅದರ ಮೇಲೆ ವರ್ಷಕ್ಕೊಂದು ಪದರ ಹೊಲಿಯುತ್ತ ಹೋದರೆ ಮಲಗಿದವನು ಬೆವರುತ್ತಾನೆ. ಯಾರೂ ಅವನ ಮೇಲೆ ಮುನಿದಿರಬೇಕಾಗಿಲ್ಲ.

ಇಷ್ಟು ಹೇಳಿದರೆ ನಮ್ಮ ಸೀಮೆಯ ಓದಿದವರು ಎತ್ತುವ ಒಂದು ಆಕ್ಷೇಪ ನನಗೆ ಬಲು ಇಷ್ಟ, ಏಕೆಂದರೆ ಅದು ನಮ್ಮ ಕಾಲಡಿಯದೇ. ಈ ಇಡೀ ಪ್ರಾಂತ್ಯವೇ ಲಾವಾರಸ ಹರಿದು ಹೆಪ್ಪುಗಟ್ಟಿದ ನೆಲ, ಆಗ ಹೊರಬಿದ್ದ ಹೊಗೆಯನ್ನೇ ಭೂಮಿ ಜೀರ್ಣಿಸಿಕೊಂಡಿತು, ನಿಮ್ಮ ಕಾರಿನ ಹೊಗೆ ಯಾವ ದೊಡ್ಡದು ಎನ್ನುತ್ತಾರೆ. ನಿಜ, ನಳದುರ್ಗದ ಕೋಟೆಯ ಕರಿಗಲ್ಲಿನಿಂದ ನಮ್ಮ ಬಾವಿಗಳ ಒಳಗಟ್ಟಿನವರೆಗೆ ಎಲ್ಲವೂ ಸುಮಾರು 6.6 ಕೋಟಿ ವರ್ಷದ ಹಿಂದಿನ ಆ ದಖ್ಖನ್ ಲಾವಾದ್ದೇ. ಭೂಮಿ ಅದನ್ನು ಜೀರ್ಣಿಸಿಕೊಂಡ ಬಗೆಯೂ ಸೊಗಸಾದದ್ದು. ಮಳೆಹನಿ ಗಾಳಿಯ ಇಂಗಾಲವನ್ನು ಕರಗಿಸಿಕೊಂಡು ಹುಳಿಯಾಗಿ ಕರಿಗಲ್ಲಿನ ಮೇಲೆ ಬೀಳುತ್ತದೆ, ಕಲ್ಲನ್ನು ಇಷ್ಟಿಷ್ಟೇ ಕೊರೆಯುತ್ತದೆ. ಕೊರೆದದ್ದರಲ್ಲಿ ಒಂದಂಶ ನಮ್ಮ ಎರೆಮಣ್ಣಾಗಿ ಇಲ್ಲಿ ನಿಂತರೆ, ಕರಗಿದ ಸುಣ್ಣದ ಅಂಶ ತೇರಣಾ, ಮಾಂಜರಾ, ಗೋದಾವರಿಯ ದಾರಿ ಹಿಡಿದು ಕಡಲು ಸೇರಿ, ಚಿಪ್ಪಾಗಿ, ಸುಣ್ಣಕಲ್ಲಾಗಿ ತಳದಲ್ಲಿ ಕೂರುತ್ತದೆ. ಭೂಖಂಡಗಳ ಮೇಲ್ಮೈಯಲ್ಲಿ ನೂರಕ್ಕೆ ಐದು ಪಾಲೂ ಇಲ್ಲದ ಈ ಜಾತಿಯ ಕಲ್ಲು, ಬಂಡೆಗಳ ಸವೆತದಿಂದ ಗಾಳಿ ಕಳೆದುಕೊಳ್ಳುವ ಇಂಗಾಲದಲ್ಲಿ ಹತ್ತಿರಹತ್ತಿರ ಮೂರನೆಯ ಒಂದು ಪಾಲನ್ನು ತಾನೇ ಹಿಡಿಯುತ್ತದೆಂದು ಭೂರಸಾಯನದವರು ಲೆಕ್ಕ ಹಾಕಿದ್ದಾರೆ. ಗುಂಜೋಟಿಯ ಹೊಲದಲ್ಲಿ ನೇಗಿಲಿಗೆ ತಾಗುವ ಕಲ್ಲಿಗೆ ಇಂಥ ಹಿರಿಮೆ ಇದೆ ಎಂಬುದು ನನಗಂತೂ ಹೆಮ್ಮೆ.

ಆದರೆ ವೇಗವನ್ನು ನೋಡಬೇಕು. ಜಗತ್ತಿನ ಇಂಥ ಬಂಡೆಗಳೆಲ್ಲ ಸೇರಿ ವರ್ಷವೊಂದಕ್ಕೆ ಹಿಡಿಯುವ ಇಂಗಾಲ ನಾವು ಹಗೇವಿನಿಂದ ತೆಗೆದು ಸುಡುವುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಭೂಮಿ ಜೀರ್ಣಿಸಿಕೊಂಡಿತು ಎಂಬ ಮಾತಿನೊಳಗೆ ಲಕ್ಷಗಟ್ಟಲೆ ವರ್ಷಗಳು ಅಡಗಿವೆ. ಮುಂಗಾರಿಗೆ ಬಿತ್ತಿ ಹಿಂಗಾರಿಗೆ ಸಾಲ ತೀರಿಸಬೇಕಾದ ಮನುಷ್ಯನಿಗೆ ಆ ಸಮಾಧಾನ ಏತಕ್ಕೆ ಬಂತು? ಇಂದಿನ ಜ್ವಾಲಾಮುಖಿಗಳ ಪಾಲೂ ಮನುಷ್ಯನ ಹೊಗೆಯ ನೂರರಲ್ಲೊಂದನ್ನು ಮುಟ್ಟುವುದಿಲ್ಲ. ಗಾಳಿಯಲ್ಲಿ ಹೆಚ್ಚಿದ ಇಂಗಾಲ ಯಾರದೆಂಬುದಕ್ಕೆ ಗುರುತೂ ಸಿಕ್ಕಿದೆ. ಬಹುಕಾಲ ಹುಗಿದಿಟ್ಟ ಕಲ್ಲಿದ್ದಲಿನಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಪೂರ್ತಿ ನಶಿಸಿರುತ್ತದೆ. ಅಂಥ ಮುದಿ ಇಂಗಾಲ ಗಾಳಿಗೆ ಬೆರೆತು ಹೊಸದನ್ನು ತೆಳುಗೊಳಿಸುತ್ತಿರುವುದನ್ನು ಹಾನ್ಸ್ ಸ್ಯೂಸ್ 1955ರಲ್ಲಿಯೇ ತೋರಿಸಿಕೊಟ್ಟ.

ಎರಡನೆಯ ಸಮಾಧಾನ ಇನ್ನೂ ಜನಪ್ರಿಯ: ಗಿಡ ನೆಟ್ಟರಾಯಿತು. ನಮ್ಮ ರಾಜ್ಯ ಸರಕಾರ 2016ರ ಜುಲೈ 1ರಂದು 2 ಕೋಟಿ ಸಸಿಗಳಿಂದ ಆರಂಭಿಸಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಎಂದು ಗುರಿ ಏರಿಸುತ್ತ ಹೋಯಿತು. ಮೂವತ್ತಮೂರು ಕೋಟಿ, ದೇವತೆಗಳ ಸಂಖ್ಯೆಗೆ ಸರಿಯಾಗಿ! ನಾನು ಗಿಡದ ವೈರಿಯಲ್ಲ. ಉಮರ್ಗಾದಿಂದ ಹಾಯುವ ಹೈದರಾಬಾದ್ ಹೆದ್ದಾರಿಯಲ್ಲಿ ಏಪ್ರಿಲ್ ತಿಂಗಳು ಬಸ್ಸಿಗೆ ಕಾದವನಿಗೆ ಮರದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕವನ್ನಷ್ಟೇ ಕೇಳುತ್ತೇನೆ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತದೆಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಜಾತಿಗೂ ಮಳೆಗೂ ತಕ್ಕಂತೆ ಹೆಚ್ಚುಕಡಿಮೆ. ನೆಟ್ಟ 33 ಕೋಟಿಯಲ್ಲಿ ಒಂದೂ ಒಣಗದೆ, ಒಂದನ್ನೂ ಆಡು ಮೇಯದೆ, ಎಲ್ಲವೂ ಮರವಾದವೆಂದೇ ಹಿಡಿಯೋಣ. ವರ್ಷಕ್ಕೆ 66 ಲಕ್ಷ ಟನ್.

ಇನ್ನು ಇದರ ಎದುರಿನ ಪುಟ. ಇಲ್ಲಿಂದ ಪಶ್ಚಿಮಕ್ಕೆ ಅದೇ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೆ ಹೋದರೆ, ಮನೆಮಾತು ಕನ್ನಡವಾಗಿಯೇ ಉಳಿದ ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ನಡುವೆ, ಆಹೇರವಾಡಿ ಫತಾಟೆವಾಡಿಗಳ ನೆಲದಲ್ಲಿ, ಎನ್‌ಟಿಪಿಸಿಯ ಕಲ್ಲಿದ್ದಲು ಸ್ಥಾವರ ನಿಂತಿದೆ. 660 ಮೆಗಾವಾಟಿನ ಎರಡು ಘಟಕ, ಒಟ್ಟು 1,320. ಕಲ್ಲಿದ್ದಲಿನ ವಿದ್ಯುತ್ತು ಯೂನಿಟ್ಟಿಗೆ ಸುಮಾರು 900 ಗ್ರಾಮ್ ಡೈಆಕ್ಸೈಡ್ ಬಿಡುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ಓಡಿದ ದಿನ ಇದರಿಂದ 28,000 ಟನ್ನಿನಷ್ಟು. ಯಾವ ಸ್ಥಾವರವೂ ವರ್ಷವಿಡೀ ಹಾಗೆ ಓಡದು. ಮೂರರಲ್ಲಿ ಎರಡು ಪಾಲು ಓಡಿತೆನ್ನಿ, ವರ್ಷಕ್ಕೆ 68 ಲಕ್ಷ ಟನ್. ಮೂವತ್ತಮೂರು ಕೋಟಿ ಮರಗಳು ಅಲ್ಲಿಗೆ ಮುಗಿದವು, ಒಂದೇ ಸ್ಥಾವರಕ್ಕೆ. ವಿಜಯಪುರದ ಕೂಡಗಿಯ 2,400 ಮೆಗಾವಾಟ್ ಇನ್ನೂ ಬಾಕಿ, 1985ರಿಂದ ಹೊಗೆಯಾಡುತ್ತಿರುವ ರಾಯಚೂರಿನ ಶಕ್ತಿನಗರ ಬಾಕಿ, ಚಂದ್ರಪುರ ಬಾಕಿ. ಕನ್ನಡದ ನೆಲ, ಮರಾಠಿಯ ನೆಲ ಎಂದು ಇವನ್ನು ಹಂಚಿಕೊಂಡು ಕೂಡಲು ಬರುವುದಿಲ್ಲ. ಮೇಲಾಗಿ ಮರದೊಳಗಿನ ಇಂಗಾಲ ಆ ಮರ ಇರುವತನಕ. ಕಡಿದು ಒಲೆಗಿಟ್ಟ ದಿನ ತಿರುಗಿ ಗಾಳಿಗೆ. ಹಗೇವಿನಿಂದ ಬಂದದ್ದು ಹೀಗಲ್ಲ. ಅದರ ಒಂದಂಶ ಸಾವಿರಾರು ವರ್ಷ ಗಾಳಿ-ಕಡಲುಗಳಲ್ಲಿಯೇ ಸುತ್ತುತ್ತದೆ. ಎಂದೂ ತೀರದ ಸಾಲಕ್ಕೆ ಮಳೆಗಾಲದ ಸಸಿಯನ್ನು ಜಾಮೀನು ಕೊಟ್ಟಂತೆ ಇದು. ಗಿಡ ನೆಡುವ ಫೋಟೋಗಳನ್ನು ನೋಡಿ ನೋಡಿ ನಮಗೆ ಕಿರ್ದಿಯ ಎಡಪುಟ ಮರೆತೇ ಹೋಗಿದೆ.

ಹಾಗಾದರೆ ಪಂಪ್‌ಸೆಟ್ಟಿಗೆ ಕರೆಂಟು ಬೇಡವೇ? ಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಹಾವು ತುಳಿಯುತ್ತ ಮೋಟರು ಚಾಲೂ ಮಾಡುವವನಿಗೆ ಕಲ್ಲಿದ್ದಲು ಪಾಪವೆಂದು ಉಪದೇಶಿಸುವ ಧೈರ್ಯ ನನಗಿಲ್ಲ. ಅವನಿಗೆ ಹಗಲಿನ ಕರೆಂಟು ಬೇಕು. ಹಗಲಿಗೆ ಇಲ್ಲಿ ಬರವಿಲ್ಲದ್ದು ಬಿಸಿಲೊಂದೇ. ನಮ್ಮಲ್ಲಿ ಈಗ ಬಂದಿರುವ ಸೌರ ಪಂಪುಗಳ ಸಂಖ್ಯೆ ಬೆಳೆಯಬೇಕೆಂದು ನಾನು ಒತ್ತಾಯಿಸುವುದು ಆಕಾಶದ ಲೆಕ್ಕಕ್ಕಾಗಿ ಎಷ್ಟೋ, ಅವನ ನಿದ್ದೆಗಾಗಿಯೂ ಅಷ್ಟೇ. ಭಾರತೀಯನೊಬ್ಬನ ಪಾಲಿಗೆ ಬರುವ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅಮೆರಿಕದವನದು 14ರ ಆಸುಪಾಸು. ಇಲ್ಲಿಯವರೆಗೆ ಗಾಳಿಗೆ ಸೇರಿದ ಹಗೇವಿನ ಇಂಗಾಲದಲ್ಲಿ ಕಾಲುಭಾಗದಷ್ಟು ಅದೊಂದೇ ದೇಶದ್ದು. ಈ ಮಾತನ್ನು ಜಾಗತಿಕ ಸಭೆಗಳಲ್ಲಿ ನಮ್ಮವರು ಗಟ್ಟಿಯಾಗಿ ಹೇಳಬೇಕು, ಹೇಳಿಯೂ ಇದ್ದಾರೆ. ಆದರೆ ಆ ಎರಡು ಟನ್ನು ಸರಾಸರಿ ಮಾತ್ರ. ಮುಂಬಯಿಯ ಮಹಡಿಯ ಮೇಲಿನ ಹತ್ತು ಟನ್ನಿನವನು ನಮ್ಮ ಕೂಲಿಕಾರಳ ಅರ್ಧ ಟನ್ನಿನ ಸೆರಗಿನ ಹಿಂದೆ ಅಡಗಿ ನಿಂತು ಭಾರತ ಬಡದೇಶವೆಂದು ಕೂಗಿದರೆ ಅದನ್ನು ದೇಶಭಕ್ತಿಯೆಂದು ನಾನು ಕರೆಯಲಾರೆ.

ನಮ್ಮ ಹೊಲದ ಕಡೆಗೂ ನೋಡಬೇಕಾಗಿದೆ, ಇಲ್ಲದಿದ್ದರೆ ಈ ಜಗಳ ಒಮ್ಮುಖವಾದೀತು. 2016ರ ಆ ನೀರಿನ ರೈಲನ್ನು ನೇರವಾಗಿ ಇಂಗಾಲದ ತಲೆಗೆ ಕಟ್ಟುವವರೊಂದಿಗೆ ನಾನಿಲ್ಲ. ಎರಡು ವರ್ಷ ಮಳೆ ಕೈಕೊಟ್ಟಿತ್ತು, 2015ರಲ್ಲಿ ಶಾಂತಸಾಗರದಲ್ಲಿ ಬಲವಾದ ಎಲ್ ನಿನ್ಯೊ ಎದ್ದಿತ್ತು, ಅದೆಲ್ಲ ಸರಿ. ಇದ್ದ ನೀರನ್ನು ಕಬ್ಬು ಕುಡಿದಿತ್ತು ಎಂಬುದೂ ಸರಿ. ಕುಡಿಯುವ ನೀರಿಲ್ಲದ ನಾಡಿನಲ್ಲಿ ಕಬ್ಬು ನಿಂತದ್ದರ ಹೊಣೆಯನ್ನು ಮುಗಿಲಿನ ಮೇಲೆ ಹಾಕಲು ಬಾರದು. ಬಿಸಿಯೇರಿದ ಗಾಳಿ ಡಿಗ್ರಿಗೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಒಣಗಿಸುವಾಗ ಹೆಚ್ಚು ಒಣಗಿಸಿ, ಸುರಿಯುವಾಗ ಒಮ್ಮೆಲೇ ಸುರಿಯುವ ಗುಣ ಅದಕ್ಕೆ ಇದರಿಂದ ಬರುತ್ತದೆ. ಅಂಥ ಗಾಳಿಯ ಕೆಳಗೆ ಕಬ್ಬಿನ ಜೂಜು ಮುಂದೆ ಇನ್ನಷ್ಟು ತುಟ್ಟಿಯಾಗಲಿದೆ.

ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ ಕಡ್ಡಿ ಗೀರುತ್ತೇವೆ. ಆ ರಾತ್ರಿಯ ಬೆಂಕಿ ದೂರದಿಂದ ಚೆಂದ ಕಾಣುತ್ತದೆ. ರವದಿಯ ಇಂಗಾಲ ಅದೇ ವರ್ಷ ಗಾಳಿಯಿಂದ ಬಂದದ್ದು, ಆದ್ದರಿಂದ ಕಲ್ಲಿದ್ದಲಿನ ಸಾಲಿನಲ್ಲಿ ಅದನ್ನು ನಿಲ್ಲಿಸುವುದು ನ್ಯಾಯವಲ್ಲ ಎಂದು ಒಪ್ಪುತ್ತೇನೆ. ನಷ್ಟವಾಗುವುದು ಮಣ್ಣಿಗೆ. ನಮ್ಮ ಎರೆ ಕಪ್ಪಗಿದೆ ಎಂದ ಮಾತ್ರಕ್ಕೆ ಅದರಲ್ಲಿ ಇಂಗಾಲ ತುಂಬಿ ತುಳುಕುತ್ತಿದೆ ಎಂದು ನಂಬಿದವರು ಒಮ್ಮೆ ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಲಿ. ಸಾವಯವ ಇಂಗಾಲದ ಸಾಲಿನಲ್ಲಿ ನೂರಕ್ಕೆ ಅರ್ಧ ಪಾಲು ಕಂಡರೆ ಅದೃಷ್ಟ. ಕಪ್ಪು ಬಣ್ಣ ಬಹುಪಾಲು ಲಾವಾದ ಖನಿಜಗಳ ಮತ್ತು ಜೇಡಿಗೆ ಬಿಗಿಯಾಗಿ ಅಂಟಿದ ತುಸು ಕೊಳೆತದ್ದರ ಕೊಡುಗೆ. ಬಡವಾದ ಮಣ್ಣಿಗೆ ಯೂರಿಯಾದ ಚೀಲ ಬರುತ್ತದೆ. ಬೆಳೆಗೆ ದಕ್ಕದ ಸಾರಜನಕದಲ್ಲಿ ಕಿಂಚಿತ್ತು ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ, ಮತ್ತು ಆ ಕಿಂಚಿತ್ತು ಸಾಮಾನ್ಯದ್ದಲ್ಲ: ನೂರು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ 273 ಪಟ್ಟು ಕಾವು ಹಿಡಿಯುವ ಅನಿಲ. ಸುಡುವುದನ್ನು ನಿಲ್ಲಿಸಿ ರವದಿಯನ್ನು ಸಾಲಿನ ನಡುವೆ ಹರಡಿದವನಿಗೆ ತೇವವೂ ಉಳಿಯುತ್ತದೆ, ಚೀಲದ ಖರ್ಚೂ ಇಳಿಯುತ್ತದೆ. ಎಮ್ಮೆಯ ಮೀಥೇನಿನ ಬಗ್ಗೆ ಬಹಳ ಗದ್ದಲವಿದೆ. ಎರಡೆಮ್ಮೆಯ ಮನೆಗೆ ಬಂದು ಆ ಪಾಠ ಹೇಳುವ ಮೊದಲು ತೈಲಬಾವಿಗಳಲ್ಲಿ ಸೋರುವ ಮೀಥೇನಿಗೆ ಬಿರಡೆ ಹಾಕಿ ಬನ್ನಿ ಎನ್ನುವುದಷ್ಟೇ ನನ್ನ ಉತ್ತರ.

ಇದೆಲ್ಲ ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಏಕೆ ಎಂದು ಕೇಳುವವರು ಕನ್ನಡದ ಬಗ್ಗೆ ಏನೆಂದು ತಿಳಿದಿದ್ದಾರೋ! ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಗಳ ಪುಸ್ತಕವಾಗಿದ್ದೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನಮಗೆ ಶಬ್ದಗಳ ಕೊರತೆ ಇಲ್ಲ. ಇಲ್ಲಿಂದ ಒಂದು ಹಗಲಿನ ದಾರಿಯೂ ಅಲ್ಲದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಅಟ್ಟಿದಳು. ಆ ಮನೆಯಲ್ಲಿ ಯಾರೂ ಶಿವ ಮುನಿದ ಎನ್ನಲಿಲ್ಲ. ಹೆಚ್ಚಾದದ್ದು ಎಷ್ಟು, ತಂದವರು ಯಾರು, ಎಲ್ಲಿಂದ ಎಂದು ಆಕೆ ಕೇಳಿದಳು. ಅಳತೆಯ ಆ ಕಣ್ಣು ನಮ್ಮ ಕವಿಗಳಿಗೆ ಪರಂಪರೆಯಿಂದಲೇ ಬಂದ ಆಸ್ತಿ. ಅದನ್ನು ಬಿಟ್ಟು ಮುನಿದ ತಾಯಿಯ ಪ್ರತಿಮೆಗೆ ಜೋತುಬಿದ್ದಾಗ ಆಗುವುದು ಇಷ್ಟೇ: ತಾಯಿ ಮುನಿದರೆ ಮಕ್ಕಳೆಲ್ಲ ಸಮಾನ ತಪ್ಪಿತಸ್ಥರು. ಹಗೇವು ಬಗೆದವನೂ ರವದಿ ಸುಟ್ಟವನೂ ಏನೂ ಮಾಡದೆ ಗುಳೆ ಹೋದವಳೂ ಒಂದೇ ಸಾಲಿನಲ್ಲಿ ತಲೆತಗ್ಗಿಸಿ ನಿಲ್ಲುತ್ತಾರೆ. ಆ ಸಾಲಿನಲ್ಲಿ ನಿಲ್ಲಲು ಮೊದಲನೆಯವನಿಗೆ ಬಲು ಖುಷಿ.

ಆದ್ದರಿಂದ ಸಂಘಕ್ಕೆ ನನ್ನದೊಂದು ಬೇಡಿಕೆ. ಮುಂದಿನ ಸಮ್ಮೇಳನದಲ್ಲಿ ಗಡಿಗೋಷ್ಠಿ, ಕವಿಗೋಷ್ಠಿಗಳ ಜೊತೆಗೆ ಗಾಳಿ ಮತ್ತು ಮಣ್ಣಿನ ಒಂದು ಗೋಷ್ಠಿ ಇರಲಿ. ಉಮರ್ಗಾ, ನಿಲಂಗಾ, ಉದಗೀರಗಳ ಮರಾಠಿ ಶಿಕ್ಷಕರನ್ನೂ ಕರೆಯಿರಿ, ಏಕೆಂದರೆ ಈ ವಿಷಯದಲ್ಲಿ ಅವರ ಕಿರ್ದಿ ಬೇರೆಯಿಲ್ಲ. ನಮ್ಮ ಕನ್ನಡ ಶಾಲೆಗಳ ಮಕ್ಕಳು ಊರಿನ ಮಳೆಯನ್ನು, ಹೊಲದ ಮಣ್ಣಿನ ಚೀಟಿಯನ್ನು ವರ್ಷವಿಡೀ ಒಂದು ವಹಿಯಲ್ಲಿ ಬರೆದಿಟ್ಟು ಅಲ್ಲಿ ಓದಲಿ. ಕವಿಗಳು ಮುನಿಸಿನ ಪದ್ಯ ತರುವುದಾದರೆ ತರಲಿ, ಆದರೆ ಯಾರು ಯಾರ ಮೇಲೆ ಏಕೆ ಮುನಿಯಬೇಕೆಂದು ಅದರಲ್ಲಿ ಹೇಳಲಿ.

ಈ ಸಲ ಅತಿಥಿಗಳಿಗೆ ಹಾರದ ಬದಲು ಸಸಿ ಕೊಡುವ ವಿಚಾರವಿದೆಯಂತೆ. ಅವಶ್ಯ ಕೊಡಿ. ನನಗೆ ಕೊಡುವುದಾದರೆ ಬೇವಿನದು ಇರಲಿ. ಬಾವಿಯ ದಡದಲ್ಲಿ ಹಳೆಯದೊಂದು ಬಿದ್ದು ಹೋದ ಜಾಗವಿದೆ, ಮಧ್ಯಾಹ್ನದ ಬುತ್ತಿ ಬಿಚ್ಚಲು ಅಲ್ಲಿ ನೆರಳಿಲ್ಲ.